ಹಿತ್ತಲ ಹಾಜರಿ

ನಮ್ಮ ಸೋದರತ್ತೆಯ ಕೈಕೆಳಗೆ ಸದ್ಯಕ್ಕೆ ಹದಿನೇಳು ಜನ ಕೆಲಸಕ್ಕಿದ್ದಾರೆ. ಅವರಲ್ಲಿ ಮನುಷ್ಯರು ಒಬ್ಬರೂ ಇಲ್ಲ. ನಾನೊಬ್ಬಳಿದ್ದೇನೆ, ಆದರೆ ನನ್ನನ್ನು ಆಕೆ ಇನ್ನೂ ಕಾಯಂ ಮಾಡಿಕೊಂಡಿಲ್ಲ!

ನಂಬದಿದ್ದವರು ಹೊಸಪೇಟೆಗೆ ಬಂದು, ಚಿತ್ತವಾಡ್ಗಿ ಕಡೆ ಹೋಗುವ ಯಾವ ಆಟೋದವನನ್ನಾದರೂ ಹಾಜರಿ ಅಮ್ಮನ ಮನೆ ಎಲ್ಲಿ ಎಂದು ಕೇಳಿ ನೋಡಿ. ಸಂಜೆ ಆರರ ಹೊತ್ತಿಗೆ ಬಂದರೆ ಅದನ್ನೂ ಕೇಳಬೇಕಾಗಿಲ್ಲ. ಓಣಿಯ ಬಾಯಿಗೆ ನಿಂತರೆ ಸಾಕು, ನಮ್ಮ ಹಿತ್ತಲಿನಿಂದ ಆಕೆಯ ದನಿ ಬಂದು ನಿಮ್ಮ ಕಿವಿ ಹಿಡಿದುಕೊಂಡು ಒಳಗೆ ಕರೆದೊಯ್ಯುತ್ತದೆ.

ಯಾರು ಯಾರು ಈ ಕೆಲಸಗಾರರು ಅಂತೀರಾ? ಹುಂಜದ ಹೆಸರು ಸೈರನ್. ಯಾಕೆಂದು ಹೇಳಬೇಕಾಗಿಲ್ಲ. ನಾಯಿ ಸೂಪರ್‌ವೈಸರ್. ಅದು ನಮ್ಮ ಮನೆಗೆ ಬಂದ ದಿನವೇ ಬಾಗಿಲಿಗೆ ಅಡ್ಡಲಾಗಿ ಮಲಗಿ, ತಾನೇನೂ ಮಾಡದೆ, ಓಡಾಡುವವರನ್ನೆಲ್ಲ ಒಂದು ಕಣ್ಣಿನಲ್ಲಿ ಗಮನಿಸುತ್ತಿತ್ತಂತೆ. ಅದರ ಅರ್ಹತೆಯನ್ನು ಅತ್ತೆ ಆಗಲೇ ಗುರುತಿಸಿದಳು. ಬೆಕ್ಕು ಸ್ಟೋರ್ ಕೀಪರ್. ಹಾಲು, ಮೊಸರು, ಒಣಮೀನು ಯಾವುದು ಎಲ್ಲಿದೆ, ಎಷ್ಟಿದೆ ಎಂಬುದು ನಮ್ಮ ಅವ್ವನಿಗಿಂತ ಅದಕ್ಕೇ ಚೆನ್ನಾಗಿ ಗೊತ್ತು. ಆಡು ಕ್ಯಾಂಟೀನಿನವಳು. ನಲ್ಲಿಯ ಕೆಳಗಿನ ತೇವದಲ್ಲಿ ವರ್ಷವಿಡೀ ಕುಳಿತಿರುವ ಕಪ್ಪೆ ವಾಟರ್‌ಮನ್. ನಾಲ್ಕು ಹೇಟೆಕೋಳಿಗಳು, ಮೂರು ಅಳಿಲುಗಳು ದಿನಗೂಲಿ. ಎರಡು ಕಾಗೆಗಳು ಯೂನಿಯನ್ನಿನವರು. ಒಂದು ಕೂಗಿದರೆ ಸಾಕು, ಇಡೀ ಓಣಿಯ ಕಾಗೆಗಳು ಕೆಲಸ ಬಿಟ್ಟು ನಮ್ಮ ಬೇವಿನ ಮರದ ಮೇಲೆ ಸಭೆ ಸೇರುತ್ತವೆ. ಗೋಡೆಯ ಸಂದಿಯಿಂದ ಮನಸ್ಸು ಬಂದಾಗ ಬಂದು ಹೋಗುವ ಮುಂಗುಸಿ ಜೋಡಿ ಕಾಂಟ್ರಾಕ್ಟ್ ಲೇಬರ್. ಇನ್ನು ಉಳಿದದ್ದು ಕಂಪೌಂಡಿನ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತ. ಅದು ಎಂಜಿನಿಯರ್.

"ಎಂಜಿನಿಯರ್ ಯಾಕತ್ತಿ?" ಎಂದು ಒಮ್ಮೆ ಕೇಳಿದ್ದೆ.

"ನೋಡಲ್ಲ, ಯಾರು ಏನಂದ್ರೂ ತಲಿ ಆಡಸ್ತೈತಿ. ಕೆಲಸಕ್ಕ ಕೈ ಹಚ್ಚಂಗಿಲ್ಲ."

ಇದೆಲ್ಲ ಆಕೆಗೆ ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ. ಅತ್ತೆ ನಮ್ಮ ಅಪ್ಪನ ಅಕ್ಕ. ಮದುವೆಯಾಗಿ ಸಂಡೂರಿಗೆ ಹೋದವಳು. ಅಲ್ಲಿ ಗುಡ್ಡದ ಮೇಲಿನ ಒಂದು ಅದಿರಿನ ಗಣಿಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಮಾವ ಕಲ್ಲು ಒಡೆದರೆ, ಅತ್ತೆ ಅದಿರು ಆರಿಸಿ ಪುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಲಾರಿಗೆ ಹಾಕುವುದು. ಬೆಳಿಗ್ಗೆ ಸೈರನ್ ಆಗುವಷ್ಟರಲ್ಲಿ ಗೇಟಿನ ಮುಂದೆ ಸಾಲಾಗಿ ನಿಲ್ಲಬೇಕು. ಮೇಸ್ತ್ರಿ ಮಸ್ಟರ್ ಎಂಬ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕರೆಯುತ್ತಾನೆ. "ಬಂದೀನ್ರೀ" ಅನ್ನಬೇಕು. ಅಂದರೆ ಆ ದಿನ ನಿಮ್ಮದು. ತಡವಾಗಿ ಓಡಿ ಬಂದರೆ ಅರ್ಧ ದಿನ. ಸಂಜೆ ಕೆಳಗಿಳಿಯುವಾಗ ಇನ್ನೊಂದು ಸಲ ಕರೆಯುತ್ತಾನೆ, ಗುಡ್ಡ ಹತ್ತಿದವರೆಲ್ಲ ಇಳಿದರೋ ಇಲ್ಲವೋ ನೋಡಲು. ಇಪ್ಪತ್ತೆರಡು ವರ್ಷ ಹೀಗೆ ದಿನಕ್ಕೆರಡು ಸಲ ತನ್ನ ಹೆಸರು ಕೇಳಿಸಿಕೊಂಡವಳು ನಮ್ಮತ್ತೆ. ಆಮೇಲೆ ಗಣಿ ಮುಚ್ಚಿತು. ಮಾವನೂ ಹೋದ. ಅತ್ತೆ ಒಂದು ತಗಡಿನ ಪೆಟ್ಟಿಗೆ ಎತ್ತಿಕೊಂಡು ತವರಿಗೆ, ಅಂದರೆ ನಮ್ಮ ಮನೆಗೆ ಬಂದಳು. ಗಣಿಯ ಶಿಸ್ತನ್ನೂ ಆ ಪೆಟ್ಟಿಗೆಯಲ್ಲೇ ಹಾಕಿಕೊಂಡು ಬಂದಿದ್ದಳೆಂದು ನಮಗೆ ಗೊತ್ತಾಗಲು ಒಂದು ವಾರ ಹಿಡಿಯಿತು.

ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂದು ಹಾಜರಿ, ಸಂಜೆ ಒಂದು ಹಾಜರಿ. ಕೈಯಲ್ಲಿ ಪುಸ್ತಕವಿಲ್ಲ, ಪೆನ್ನಿಲ್ಲ. ಆಕೆಗೆ ಓದು ಬರಹ ಬರುವುದೂ ಇಲ್ಲ. ಹದಿನೇಳು ಹೆಸರೂ ತಲೆಯಲ್ಲೇ, ಒಂದು ದಿನವೂ ಕ್ರಮ ತಪ್ಪಿದ್ದಿಲ್ಲ. ಹೆಸರು ಕರೆದು ಒಂದು ಕ್ಷಣ ನಿಲ್ಲುತ್ತಾಳೆ. ಹುಂಜ ಕೂಗಬೇಕು, ನಾಯಿ ಬಾಲ ಬಡಿಯಬೇಕು, ಆಡು ಮ್ಯಾ ಎನ್ನಬೇಕು. ಕಪ್ಪೆ ಮಾತಾಡದಿದ್ದರೂ ನಡೆಯುತ್ತದೆ, ಕಾಣಿಸಿದರೆ ಸಾಕು. ಬೆಕ್ಕು ಮಾತ್ರ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದಿದ್ದಿಲ್ಲ. ಹಾಜರಿ ಮುಗಿದ ಮೇಲೆ ಮೈ ಮುರಿಯುತ್ತಾ ಬಂದು ನಿಲ್ಲುತ್ತದೆ. "ಅರ್ಧ ದಿನ," ಎಂದು ಅತ್ತೆ ತೀರ್ಪು ಕೊಡುತ್ತಾಳೆ. ಆವತ್ತು ಅದಕ್ಕೆ ಅರ್ಧ ಬಟ್ಟಲು ಹಾಲು. ಉಳಿದರ್ಧವನ್ನು ಅದು ಅಡುಗೆಮನೆಯಿಂದ ತಾನೇ ಮಂಜೂರು ಮಾಡಿಸಿಕೊಳ್ಳುತ್ತದೆ, ಆ ಮಾತು ಬೇರೆ!

ವಾರಕ್ಕೊಮ್ಮೆ ಕೋತಿಗಳ ಗುಂಪು ಬರುತ್ತದೆ. ಅದು ಇನ್‌ಸ್ಪೆಕ್ಷನ್. ನುಗ್ಗೆಕಾಯಿ ಕಿತ್ತು, ಸೀತಾಫಲ ಹಿಸುಕಿ ನೋಡಿ, ಒಣಹಾಕಿದ ಹಪ್ಪಳ ಎತ್ತಿಕೊಂಡು ಹೋಗುತ್ತವೆ. ಅಷ್ಟು ಹೊತ್ತೂ ಸೂಪರ್‌ವೈಸರ್ ಮಂಚದ ಕೆಳಗೆ. ಅವ್ವ ಕೋಲು ಹಿಡಿದು ಒಬ್ಬಳೇ ಹೋರಾಡಬೇಕು. "ಯಕ್ಕ, ನಿನ್ನ ನಾಯಿ ಒಂದು ಸಲ ಬೊಗಳಬಾರದೇನು?" ಎಂದು ಅವ್ವ ಅತ್ತೆಯನ್ನು ಕೇಳಿದರೆ, ಅತ್ತೆ ಶಾಂತವಾಗಿ ಹೇಳುತ್ತಾಳೆ: "ಮ್ಯಾಲಿನವರು ಬಂದಾಗ ಸೂಪರ್‌ವೈಸರ್ ಎಲ್ಲಿ ಬೊಗಳ್ತಾನ? ನೀ ಗಣಿ ಕೆಲಸಕ್ಕ ಹೋದಾಕಿ ಅಲ್ಲ, ನಿನಗ ಗೊತ್ತಾಗಂಗಿಲ್ಲ ಬಿಡು."

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಬಿ.ಎಸ್ಸಿ., ಬಿ.ಎಡ್. ನಮ್ಮ ವಂಶದಲ್ಲಿ ಪದವಿ ಪಡೆದವರ ಪಟ್ಟಿ ಮಾಡಿದರೆ ನನ್ನ ಹೆಸರು ಮೊದಲು ಬರುತ್ತದೆ. ಅಲ್ಲಿಗೇ ಪಟ್ಟಿ ಮುಗಿಯುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಹಮಾಲಿ ಮಾಡಿ, ಅವ್ವ ಕಂಡವರ ಬಾಳೆತೋಟದಲ್ಲಿ ಗೊನೆ ಹೊತ್ತು ಓದಿಸಿದ್ದು. ಕರೆಂಟ್ ಹೋದರೆ ಓಣಿಯ ಅಂಗಡಿಯ ಕಟ್ಟೆ, ಅಂಗಡಿ ಮುಚ್ಚಿದರೆ ಬಸ್ ಸ್ಟ್ಯಾಂಡು. ಹಾಗೆ ಓದಿದವಳು ನಾನು. ಪದವಿ ಪ್ರಮಾಣಪತ್ರ ಬಂದ ದಿನ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದೆ. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತು, ತಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿಸಿ ನೋಡಿದಳು. ನಾನು ಉಬ್ಬಿ ಕಾಯುತ್ತಿದ್ದೆ.

"ಭಾಳ ಚಂದೈತಿ," ಎಂದಳು. "ಇದಕ್ಕ ಸೈರನ್ ಎಷ್ಟು ಗಂಟಿಗೆ?"

ಆವತ್ತಿನಿಂದ ನಾನು 'ಡಿಗ್ರಿ'. ಕರೆಯುವುದೇ ಹಾಗೆ. ಹಾಜರಿಯಲ್ಲೂ ಕೊನೆಯ ಹೆಸರು ನನ್ನದೇ. ಓತಿಕ್ಯಾತನ ನಂತರ! "ಎಂಜಿನಿಯರ್..." ಎನ್ನುತ್ತಾಳೆ. ಅದು ತಲೆ ಆಡಿಸುತ್ತದೆ. "ಡಿಗ್ರಿ..." ಎನ್ನುತ್ತಾಳೆ. ನಾನು ಉತ್ತರ ಕೊಡುವುದಿಲ್ಲ. ನೀವೇ ಹೇಳಿ, ಕಂಪ್ಲಿಯ ಹೈಸ್ಕೂಲಿನಲ್ಲಿ ಅರವತ್ತು ಮಕ್ಕಳ ಹಾಜರಿ ತೆಗೆದುಕೊಳ್ಳುವ ವಿಜ್ಞಾನದ ಶಿಕ್ಷಕಿ ಕೋಳಿ, ಕಪ್ಪೆಗಳ ಸಾಲಿನಲ್ಲಿ ನಿಂತು "ಬಂದೀನ್ರೀ" ಎನ್ನುವುದಕ್ಕಾಗುತ್ತದೆಯೇ? ಅಡುಗೆಮನೆಯ ಕಿಟಕಿಯಲ್ಲಿ ನನ್ನ ತಲೆ ಕಂಡರೂ ಆಕೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಯಿಬಿಟ್ಟು ಹೇಳಬೇಕು. ಹೀಗೆ ನಾನು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಗೈರುಹಾಜರು!

ಆಕೆಗೂ ಒಂದು ಹೆಸರಿದೆ. ಚಂದದ ಹೆಸರು. ಆದರೆ ನಮ್ಮಲ್ಲಿ ಕಿರಿಯರು ಹಿರಿಯರ ಹೆಸರನ್ನು ಬಾಯಿಂದ ಆಡುವ ರೂಢಿಯಿಲ್ಲ. ಯಾರಾದರೂ ಕೇಳಿದರೆ ನಾನು ಆಕೆಯ ರೇಷನ್ ಕಾರ್ಡ್ ತಂದು ತೋರಿಸುತ್ತೇನೆ. ಅವ್ವನಿಗೆ ಆಕೆ ಯಕ್ಕ, ಓಣಿಗೆ ಹಾಜರಿ ಅಮ್ಮ, ನನಗೆ ಅತ್ತೆ. ಹಾಗಾಗಿ ಇಲ್ಲಿ ಕೂಡ ಆಕೆಯ ಹೆಸರು ಬರುವುದಿಲ್ಲ, ಕ್ಷಮಿಸಿ.

ಒಮ್ಮೆ ನಮ್ಮ ಹೆಡ್‌ಮಾಸ್ಟರರು ಹೊಸಪೇಟೆಗೆ ಬಂದವರು ಮನೆಗೂ ಬಂದರು. ದೊಡ್ಡ ಮನುಷ್ಯರು, ಮಾತು ಕಡಿಮೆ. ಚಹಾ ಕೊಟ್ಟು ಮಾತಾಡಿಸುತ್ತಿದ್ದೆ. ಅತ್ತೆ ಹಿತ್ತಲಿನಿಂದ ಬಂದು, ಕೈಮುಗಿದು, ಬಹಳ ವಿನಯದಿಂದ, "ಸರ್, ಸ್ವಲ್ಪ ಆ ಕುರ್ಚಿಗೆ ಕುಂದ್ರಿ. ಇದು ಸೂಪರ್‌ವೈಸರ್ ಜಾಗ," ಎಂದಳು. ಹೆಡ್‌ಮಾಸ್ಟರರು ಗಡಬಡಿಸಿ ಎದ್ದು, ಅಂಗಿ ಸರಿಮಾಡಿಕೊಂಡು, ಬಾಗಿಲ ಕಡೆ ನೋಡುತ್ತ ನಿಂತರು. ನಾಯಿ ಬಂದು, ಕುರ್ಚಿ ಹತ್ತಿ, ಮೂರು ಸುತ್ತು ತಿರುಗಿ ಮಲಗಿತು. ಹೆಡ್‌ಮಾಸ್ಟರರು ಉಳಿದ ಚಹಾವನ್ನು ನಿಂತೇ ಕುಡಿದರು. ಮರುದಿನ ಶಾಲೆಯಲ್ಲಿ ಈ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಾತು ಕಡಿಮೆ ಎಂದೆನಲ್ಲ!

ಇನ್ನೊಮ್ಮೆ ನಾನು ಶಾಲೆಯಿಂದ ಬಂದವಳೇ ಮೊಬೈಲನ್ನು ಮಂಚದ ಮೇಲೆ ಎಸೆದು ಕುಳಿತೆ. ಈಗ ಮಕ್ಕಳ ಹಾಜರಿಯನ್ನು ಮೊಬೈಲಿನಲ್ಲಿ ಹಾಕಬೇಕು. ಆವತ್ತು ನೆಟ್‌ವರ್ಕ್ ಸಿಗದೆ, ಕಣ್ಣೆದುರು ಕುಳಿತಿದ್ದ ಅರವತ್ತು ಮಕ್ಕಳೂ ಅದರಲ್ಲಿ ಗೈರುಹಾಜರಾಗಿದ್ದರು. ಅತ್ತೆಗೆ ಬಿಡಿಸಿ ಹೇಳಿದೆ. ಆಕೆ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ಹುಡುಗರು ಬಂದಿದ್ವಿಲ್ಲೋ?" ಎಂದಳು.

"ಬಂದಿದ್ವು."

"ನೀ ಹೆಸರು ಕರದೀ?"

"ಕರದೆ."

"ಅವು ಓ ಅಂದ್ವಿಲ್ಲೋ? ಮತ್ತ ಮುಗೀತಲ್ಲ. ಆ ಡಬ್ಬಿಗಿ ಏನು ಗೊತ್ತೈತಿ," ಎಂದು ಹಿತ್ತಲಿಗೆ ಹೋದಳು. ಯಾಕೋ ಆ ಮಾತು ನನಗೆ ಆಗ ಅಷ್ಟಾಗಿ ನಾಟಲಿಲ್ಲ.

ಹೀಗೆಯೇ ಚೆನ್ನಾಗಿ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ನಾನು ಕಾರು ತೆಗೆದುಕೊಂಡೆ.

ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ತನ್ನ ದುಡಿಮೆಯಲ್ಲಿ ಕಾರು ತಂದದ್ದು ಅದೇ ಮೊದಲು. ಬಿಳಿ ಬಣ್ಣದ ಸಣ್ಣ ಕಾರು. ಅದನ್ನು ಓಣಿಯೊಳಗೆ ತರುವಷ್ಟರಲ್ಲಿ ನಾನು ಮೂರು ಕಟ್ಟೆ, ಒಂದು ಸೈಕಲ್ಲು ಮತ್ತು ಒಬ್ಬ ಅಜ್ಜನ ತಾಳ್ಮೆಯನ್ನು ಸವರಿಕೊಂಡು ಬಂದಿದ್ದೆ. ಮನೆಯ ಮುಂದೆ ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ: ಯೂನಿಯನ್ನಿನವರು ಗಾಜಿನ ತುಂಬ ಬಿಳಿ ಸಹಿ ಹಾಕಿ ಹೋಗಿದ್ದಾರೆ. ಇನ್‌ಸ್ಪೆಕ್ಷನ್‌ನವರು ವೈಪರ್ ಕಿತ್ತು ಪರಿಶೀಲಿಸಿದ್ದಾರೆ. ಸ್ಟೋರ್ ಕೀಪರ್ ಬಾನೆಟ್ಟಿನ ಮೇಲಿನ ಬಿಸಿಲಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಕಷ್ಟಪಟ್ಟು ತಂದ ಕಾರು! ಆವತ್ತೇ ತೀರ್ಮಾನ ಮಾಡಿದೆ. ಹಿತ್ತಲಿಗೆ ಹಿಂದಿನ ಗಲ್ಲಿಯಿಂದ ದಾರಿ ಇದೆ. ಬೇವು, ಸೀತಾಫಲ, ನುಗ್ಗೆ ತೆಗೆಸಿ, ನೆಲಕ್ಕೆಲ್ಲ ಕಾಂಕ್ರೀಟ್ ಹಾಕಿಸಿ, ಮೇಲೆ ಶೀಟು ಹೊದಿಸಿದರೆ ಮಸ್ತ್ ಶೆಡ್ ಆಗುತ್ತದೆ. ಗೌಂಡಿಯನ್ನು ಕರೆಸಿ ಟೇಪು ಹಿಡಿಸಿದೆ. ದಸರಾ ಕಳೆದು, ಶೀಗಿ ಹುಣ್ಣಿಮೆ ಮುಗಿದ ಮರುದಿನವೇ ಕೆಲಸ ಶುರು ಎಂದು ಮಾತಾಯಿತು.

ಅತ್ತೆ ಬೇವಿನ ಬುಡದಲ್ಲಿ ಕುಳಿತು ಎಲ್ಲ ನೋಡುತ್ತಿದ್ದಳು. ಜಗಳಕ್ಕೆ ನಾನು ತಯಾರಾಗಿಯೇ ಇದ್ದೆ. ಮನೆ ನನ್ನ ಸಂಬಳದಲ್ಲಿ ಗಾರೆ ಕಂಡದ್ದು, ಕಾರು ನನ್ನದು, ಜಾಗ ನಮ್ಮಪ್ಪ ಬಿಟ್ಟುಹೋದದ್ದು. ಉತ್ತರಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಆಕೆ ಒಂದೂ ಪ್ರಶ್ನೆ ಕೇಳಬಾರದೇ! ಗೌಂಡಿ ಹೋದ ಮೇಲೆ ಎದ್ದು ಬಂದು ಇಷ್ಟೇ ಹೇಳಿದಳು:

"ಮುಚ್ಚೋದು ಮುಚ್ಚು, ಯವ್ವಾ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕೆಲಸಗಾರರಿಗೆ ನೋಟೀಸು ಕೊಡು. ಒಬ್ಬೊಬ್ಬರಿಗೂ. ನೀನ ಹೇಳಬೇಕು, ನಾ ಹೇಳಂಗಿಲ್ಲ."

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನನಗೆ ನಗು ಬಂತು. ಇಷ್ಟರಲ್ಲೇ ಮುಗಿಯುವುದಾದರೆ ಮುಗಿಯಲಿ ಎಂದು ಶಾಲೆಯ ಹಾಳೆಯಲ್ಲಿ ಅಚ್ಚುಕಟ್ಟಾಗಿ ಬರೆದೇಬಿಟ್ಟೆ. 'ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ಶೀಗಿ ಹುಣ್ಣಿಮೆಯ ಮರುದಿನದಿಂದ ಹಿತ್ತಲನ್ನು ಮುಚ್ಚಲಾಗುವುದರಿಂದ ತಮ್ಮ ಸೇವೆಯ ಅಗತ್ಯವಿರುವುದಿಲ್ಲ.' ವಿಜ್ಞಾನದ ಶಿಕ್ಷಕಿಯಾದರೂ ನನ್ನ ಕಚೇರಿ ಕನ್ನಡ ಗಟ್ಟಿ!

ಭಾನುವಾರ ಬೆಳಿಗ್ಗೆ ಹಾಜರಿಯಾದ ಮೇಲೆ ಓದಲು ನಿಂತೆ. ಅತ್ತೆ ಕೈಕಟ್ಟಿ ಪಕ್ಕದಲ್ಲಿ ನಿಂತಳು. ಅವ್ವ ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲಿಗೆ ಬಂದಳು. ಪಕ್ಕದ ಮನೆಯ ಕಂಪೌಂಡಿನ ಮೇಲೆ ಎರಡು ತಲೆ ಎದ್ದವು. ಮೊದಲು ಹುಂಜದ ಎದುರು ಕುಕ್ಕರಗಾಲಿನಲ್ಲಿ ಕುಳಿತು ಓದಿದೆ. ಅದು ಹಾಳೆಯ ಮೂಲೆಯನ್ನು ಕುಕ್ಕಿತು. ನಾಯಿಗೆ ಓದಿದೆ. ಅದು ನನ್ನ ಮುಖ ನೆಕ್ಕಿತು. ಆಡು ನೋಟೀಸನ್ನೇ ತಿಂದಿತು. ಇನ್ನೊಂದು ಪ್ರತಿ ಬರೆಯಬೇಕಾಯಿತು. ಕಪ್ಪೆಗೆ ಓದುವಾಗ ನಾನು ನಲ್ಲಿಯ ಕೆಳಗೆ ತಲೆ ಹಾಕಿ ಓದಬೇಕಾಗಿ ಬಂತು. ಇಡೀ ಹಿತ್ತಲಲ್ಲಿ ನನ್ನ ನೋಟೀಸನ್ನು ತಲೆದೂಗಿ ಒಪ್ಪಿದವನು ಒಬ್ಬನೇ. ಅವನು ಎಂಜಿನಿಯರ್.

"ಮುಂಗುಸಿ ಬಂದಿಲ್ಲಲ್ಲ ಅತ್ತಿ," ಎಂದೆ.

"ಕಾಂಟ್ರಾಕ್ಟಿನವರಿಗೆ ಯಾರು ನೋಟೀಸು ಕೊಡ್ತಾರ," ಎಂದಳು. ಆಮೇಲೆ ಒಂದು ಮಾತು ಸೇರಿಸಿದಳು: "ಉಳಿದವರಿಗರ ಹೇಳಿದಿಯಲ್ಲ. ಅಷ್ಟು ಸಾಕು. ಭಾಳ ಮಂದಿ ಅಷ್ಟೂ ಮಾಡಂಗಿಲ್ಲ."

ಅವ್ವ ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅತ್ತೆಯ ಮುಖ ನೋಡಿ ನಿಲ್ಲಿಸಿದಳು.

ಶೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಆ ಹೊತ್ತಿಗೆ ಹೊಲದಲ್ಲಿ ಬೆಳೆ ಎದೆಯುದ್ದ ನಿಂತಿರುತ್ತದೆ. ಭೂಮಿತಾಯಿ ಬಸುರಿ ಎಂದು ಹೊಲ ಇದ್ದವರು ಸಜ್ಜೆರೊಟ್ಟಿ, ಕಡುಬು, ಬದನೆಕಾಯಿ ಪಲ್ಯ, ಮೊಸರನ್ನ ಎಲ್ಲ ಕಟ್ಟಿಕೊಂಡು ಹೋಗಿ, ಅದರಲ್ಲಿ ಒಂದು ಪಾಲನ್ನು ಕಲಸಿ ಹೊಲದ ತುಂಬ ಎರಚಿ ಬರುತ್ತಾರೆ. ಚರಗ ಚೆಲ್ಲುವುದು ಎನ್ನುತ್ತೇವೆ. ಬಸುರಿಯ ಬಯಕೆ ತೀರಿಸಿದ ಹಾಗೆ. ಇಲಿ, ಇರುವೆ, ಹಕ್ಕಿ, ಹುಳು ಎಲ್ಲಕ್ಕೂ ಅದರಲ್ಲಿ ಪಾಲು. ಎಲ್ಲ ಸರಿ. ಹೊಲವೇ ಇಲ್ಲದವರು ಏನು ಮಾಡಬೇಕು? ನಮಗೆ ಒಂದು ಗೇಣು ಹೊಲವಿಲ್ಲ. ಅಪ್ಪ ಅಜ್ಜ ಎಲ್ಲ ಇನ್ನೊಬ್ಬರ ಹೊಲದಲ್ಲಿ ದುಡಿದವರೇ. ಆದರೆ ಅತ್ತೆ ಮಾತ್ರ ಪ್ರತಿ ವರ್ಷ ಆ ದಿನ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿ ಎಲ್ಲೋ ಹೋಗಿ ಸಂಜೆ ಬರುತ್ತಿದ್ದಳು. ಹಳೆಯ ಗೆಳತಿಯರ ಹೊಲಕ್ಕಿರಬೇಕು ಎಂದು ನಾವು ಕೇಳಿದ್ದೂ ಇಲ್ಲ.

ಈ ಸಲ ಆಕೆ ನನ್ನ ಮುಂದೆ ಬಂದು ನಿಂತು, "ಡಿಗ್ರಿ, ನಿನ್ನ ಕಾರು ಸಂಡೂರು ಗುಡ್ಡ ಹತ್ತತೈತೇನು?" ಎಂದಳು.

ನನ್ನ ಕಾರಿನ ಮಾನದ ಪ್ರಶ್ನೆ! ಹತ್ತದೆ ಏನು, ಎಲ್ಲರೂ ಹೋಗೋಣ ಎಂದೆ. ಎಲ್ಲರೂ ಎಂದದ್ದು ತಪ್ಪಾಯಿತು. ನಾಳೆ ಹಿತ್ತಲು ಮುಚ್ಚುತ್ತದೆ, ಕೆಲಸಗಾರರಿಗೆ ಕೊನೆಯದಾಗಿ ಒಂದು ಪಿಕ್ನಿಕ್ ಆಗಬೇಡವೇ ಎಂದು ಆಕೆ ಆಗಲೇ ತಯಾರಿ ನಡೆಸಿದ್ದಳು. ಹೊರಟೆವು ನೋಡಿ: ಮುಂದಿನ ಸೀಟಿನಲ್ಲಿ ಮಡಿಲ ತುಂಬ ಬುತ್ತಿಗಂಟು ಇಟ್ಟುಕೊಂಡ ಅವ್ವ. ಹಿಂದೆ ಕಿಟಕಿಯ ಪಕ್ಕ ಸೂಪರ್‌ವೈಸರ್, ತಲೆ ಹೊರಗೆ. ನಡುವೆ ಅತ್ತೆ, ಆಕೆಯ ತೊಡೆಯ ಮೇಲೆ ಬಿದಿರಿನ ಪುಟ್ಟಿಯಲ್ಲಿ ಮುಚ್ಚಿದ ಸೈರನ್. ಆ ಬದಿಗೆ ಬುಟ್ಟಿಯಲ್ಲಿ ಸ್ಟೋರ್ ಕೀಪರ್. ಉಳಿದವರಿಗೆ ರಜೆ.

ಮಳೆ ನಿಂತು ವಾರವಾಗಿತ್ತು. ಸಂಡೂರಿನ ಗುಡ್ಡಗಳು ಹಸಿರು ಹೊದ್ದು ಮಲಗಿದ್ದವು. ರಸ್ತೆಯ ಬದಿಯಲ್ಲಿ ಹೆಂಗಸರು ಸೀತಾಫಲದ ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಎದುರಿನಿಂದ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಒಂದೊಂದು ಲಾರಿ ಹಾರ್ನ್ ಹೊಡೆದಾಗಲೂ ಸೈರನ್‌ಗೆ ಪೌರುಷ ಉಕ್ಕಿ ಕಾರಿನೊಳಗೇ ಕೂಗುವುದು. ಅದಕ್ಕೆ ಬೆಕ್ಕು ಬೆಚ್ಚುವುದು. ಬೆಕ್ಕಿಗೆ ನಾಯಿ ಗುರ್ರೆನ್ನುವುದು. ಹೊಸದಾಗಿ ಡ್ರೈವಿಂಗ್ ಕಲಿತವಳು ನಾನು, ಗುಡ್ಡದ ತಿರುವು ಬೇರೆ! ಒಂದು ತಿರುವಿನಲ್ಲಿ ಕಾರು ನಿಂತೇಬಿಟ್ಟಿತು. ಹಿಂದಿನ ಲಾರಿಯವನು ತಲೆ ಹೊರಹಾಕಿ, "ಯಕ್ಕಾ, ಸಂತಿಗೆ ಹೊಂಟೀರೇನ್ರಿ?" ಎಂದ.

ಅತ್ತೆ ಕಿಟಕಿಯಿಂದ ನಾಯಿಯ ತಲೆಯ ಪಕ್ಕ ತನ್ನ ತಲೆಯನ್ನೂ ಹೊರಹಾಕಿ, "ಡ್ಯೂಟಿಗೆ ಹೊಂಟೀವಪ್ಪ," ಎಂದಳು.

ಒಂದು ಕಡೆ ಟಾರು ರಸ್ತೆ ಬಿಡಿಸಿ, ಮಣ್ಣುದಾರಿ ಹಿಡಿಸಿದಳು. ದಾರಿಯ ಕೊನೆಗೆ ಒಂದು ಕಬ್ಬಿಣದ ಗೇಟು. ತುಕ್ಕು ಯಾವುದು, ಅದಿರಿನ ಧೂಳು ಯಾವುದು ಗೊತ್ತಾಗದಷ್ಟು ಕೆಂಪಾಗಿತ್ತು. ಬೀಗದ ಮೇಲೆ ಬಳ್ಳಿ ಹಬ್ಬಿತ್ತು. ಅದರಾಚೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗುಡ್ಡ, ಮೆಟ್ಟಿಲುಗಳ ಮೇಲೆ ಹುಲ್ಲು. ನಾನು ಎಂಜಿನ್ ಆರಿಸಿದೆ. ಹುಂಜವೂ ಸುಮ್ಮನಾಯಿತು.

ಅತ್ತೆ ಇಳಿದು, ಬುತ್ತಿ ಬಿಚ್ಚಿ, ರೊಟ್ಟಿ, ಕಡುಬು, ಅನ್ನ ಎಲ್ಲವನ್ನೂ ಒಂದು ಪಾತ್ರೆಯಲ್ಲಿ ಕಲಸಿದಳು. ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಒಳಗಿನ ಕೆಂಪುಮಣ್ಣಿನ ಮೇಲೆ ಎರಚತೊಡಗಿದಳು. ಎಲ್ಲರೂ ಹೊಲಕ್ಕೆ ಚೆಲ್ಲುವ ಚರಗವನ್ನು ಆಕೆ ಇಷ್ಟು ವರ್ಷ ಇಲ್ಲಿಗೆ ಬಂದು ಚೆಲ್ಲುತ್ತಿದ್ದಳು!

"ಯಕ್ಕ, ಇದು ಹೊಲ ಅಲ್ಲಲ್ಲ," ಎಂದಳು ಅವ್ವ, ಮೆತ್ತಗೆ.

"ಉಂಡಿದ್ದು ಇದರದ್ದ ಅನ್ನ," ಎಂದಳು ಅತ್ತೆ. "ಹೊಟ್ಟಿ ಬಗದು ಬಗದು ಹೊತ್ತೀವಿ ಇದನ್ನ. ಇದೂ ಹಡದ ತಾಯೇ ಅಲ್ಲೇನು?"

ಊಟಕ್ಕೆ ಅಲ್ಲೇ ಗೇಟಿನ ಮುಂದೆ ಕುಳಿತೆವು. ನಾಯಿ ಗೇಟಿನ ಮುಂದೆ ಮಲಗಿತು, ಹುಟ್ಟಿದ್ದೇ ಅದಕ್ಕೆ ಎಂಬಂತೆ. ಬೆಕ್ಕು ಕಾರಿನಿಂದ ಇಳಿಯಲೇ ಇಲ್ಲ. ನಾನು ಎರಡನೆಯ ರೊಟ್ಟಿಗೆ ಕೈ ಹಾಕಿದಾಗ ಅತ್ತೆ, ಯಾರೂ ಕೇಳದಿದ್ದರೂ, ಹೇಳಿದಳು.

"ಆವತ್ತೂ ಹಿಂಗ ಬುತ್ತಿ ಕಟಗೊಂಡು ಬಂದ್ವಿ. ನಿಮ್ಮ ಮಾವ, ನಾನು, ಎಲ್ಲಾರೂ. ಗೇಟಿಗೆ ಬೀಗ. ಸೈರನ್ ಆಗಲಿಲ್ಲ. ಲೇಟ್ ಆಗಿರಬೇಕು ಅಂತ ಸಾಲಾಗಿ ನಿಂತ್ವಿ. ಬಿಸಿಲು ನೆತ್ತಿಗೆ ಬಂತು. ಮೇಸ್ತ್ರಿ ಬರಲಿಲ್ಲ. ಯಾರೂ ಏನೂ ಹೇಳಲಿಲ್ಲ."

ಕೈಯಲ್ಲಿದ್ದ ತುತ್ತನ್ನು ಹುಂಜಕ್ಕೆ ಹಾಕಿದಳು.

"ಮುಚ್ಚಿದ್ದಕ್ಕ ನನಗ ಸಿಟ್ಟಿಲ್ಲ. ಗುಡ್ಡಕ್ಕೂ ಸಾಕಾಗಿತ್ತು. ಆದ್ರ ಒಂದು ಸಲ ಹೆಸರು ಕರೀಬೇಕಿತ್ತು. ಕರೀಲಿಲ್ಲ ಅಂದ್ರ ಬಂದಿಲ್ಲ ಅಂತ ಆಗ್ತೈತಿ. ನಾವು ಬಂದಿದ್ವಿ."

ಅಷ್ಟೇ. ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎಂದು ಅವ್ವನನ್ನು ಒಂದು ಮಾತು ಅಂದಳು. ಅವ್ವ ಉಪ್ಪಿನ ಪೊಟ್ಟಣ ಬಿಚ್ಚಿ ಆಕೆಯ ಮುಂದಿಟ್ಟಳು. ಅವರಿಬ್ಬರ ನಡುವೆ ಹಾಗೆ ಆದದ್ದು ನಾನು ಕಂಡದ್ದು ಅದೊಂದೇ ಸಲ.

ಇಳಿಯುವಾಗ ತಿರುವುಗಳಿದ್ದವು, ಗಮನವಿಟ್ಟು ಓಡಿಸಬೇಕಾಗಿತ್ತು. ಆದರೆ ನಿಜ ಹೇಳುತ್ತೇನೆ, ನನ್ನ ಗಮನ ರಸ್ತೆಯ ಮೇಲಿರಲಿಲ್ಲ. ಕಪ್ಪೆಯ ಮುಂದೆ ಕುಳಿತು ನೋಟೀಸು ಓದಿದ್ದು ನೆನಪಾಗುತ್ತಿತ್ತು. ಆವತ್ತು ನನಗೆ ಅದು ತಮಾಷೆಯಾಗಿತ್ತು. ಬೀಗ ಹಾಕುವ ಮುಂಚೆ ಒಂದು ಮಾತು ಹೇಳುವುದೆಂದರೆ ಆಕೆಗೆ ಏನೆಂಬುದು ಬಿ.ಎಸ್ಸಿ.ಯಲ್ಲಿ ಇರಲಿಲ್ಲ, ಬಿ.ಎಡ್.ನಲ್ಲೂ ಇರಲಿಲ್ಲ.

ಊರು ಹತ್ತಿರ ಬಂದಾಗ ಫೋನ್ ಬಂತು. ಕಾರನ್ನು ಬದಿಗೆ ಹಾಕಿ ತೆಗೆದುಕೊಂಡೆ. ಗೌಂಡಿ. ನಾಳೆ ಎಂಟಕ್ಕೆ ಮಿಕ್ಸರ್ ತರಲೇ, ಮರ ಕಡಿಯುವವರನ್ನು ಜೊತೆಗೇ ಕರೆತರಲೇ ಎಂದ.

"ಬ್ಯಾಡ್ರಿ," ಎಂದೆ. "ಹಿತ್ತಲದಾಗ ಕೆಲಸ ನಡದೈತ್ರಿ. ಹದಿನೇಳು ಮಂದಿ ಅದಾರ. ಜಾಗ ಇಲ್ಲ."

ಅವನಿಗೆ ಏನೂ ಅರ್ಥವಾಗಲಿಲ್ಲ. ಹಿಂದಿನ ಸೀಟಿನಲ್ಲಿದ್ದವಳಿಗೆ ಆಯಿತು. ಕನ್ನಡಿಯಲ್ಲಿ ನೋಡಿದೆ. ಅತ್ತೆ ಕಿಟಕಿಯಾಚೆ ನೋಡುತ್ತಾ ನಾಯಿಯ ಬೆನ್ನು ತಟ್ಟುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲ ನಾಯಿಗೆ ಹೇಳುವ ಹಾಗೆ, "ಕಾರಿಗಿ ಒಂದು ತಾಡಪಾಲು ಹೊದಸಿದ್ರಾತು. ಅದೇನು ಕರಗಾಕ ಸಕ್ರಿ ಅಲ್ಲ," ಎಂದಳು.

ಮನೆ ಮುಟ್ಟಿದಾಗ ಆರು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಅತ್ತೆ ಕೈಕಾಲು ತೊಳೆದು ಹಿತ್ತಲಿಗೆ ಹೋಗಿ ನಿಂತಳು. ಹಾಜರಿ ಶುರುವಾಯಿತು. ಸೈರನ್ ಕೂಗಿತು. ಸೂಪರ್‌ವೈಸರ್ ಬಾಲ ಬಡಿಯಿತು. ಸ್ಟೋರ್ ಕೀಪರ್ ಕಾರಿನಿಂದ ಇಳಿದಿರಲಿಲ್ಲ, ಅರ್ಧ ದಿನ. ಆಡು, ಕಪ್ಪೆ, ಹೇಟೆ, ಅಳಿಲು, ಕಾಗೆ, ಎಲ್ಲರೂ ಇದ್ದರು. ಬಾರದೇ ಹೋಗುವ ಮುಂಗುಸಿಗಳು ಕೂಡ ಆವತ್ತು ಗೋಡೆಯ ಸಂದಿಯಿಂದ ಮೂಗು ತೋರಿಸಿದವು. ನೋಟೀಸು ಹಿಂದೆ ತೆಗೆದುಕೊಂಡ ಸುದ್ದಿ ಅವಕ್ಕೆ ಯಾರು ಮುಟ್ಟಿಸಿದರೋ! ಕೊನೆಗೆ ಹೊಸ ಹೆಸರೊಂದು ಸೇರಿತ್ತು: "ಟ್ರೇನಿ." ನಾನು ಸುತ್ತ ನೋಡಿದೆ. ಅತ್ತೆ ಬೀದಿಯಲ್ಲಿ ನಿಂತ ನನ್ನ ಕಾರಿನ ಕಡೆ ಗದ್ದ ತೋರಿಸಿದಳು. ನನಗಿಂತ ಮೊದಲು ಕಾರು ಕಾಯಂ ಆಗುವ ಲಕ್ಷಣ ಕಂಡಿತು.

"ಡಿಗ್ರಿ..." ಎಂದಳು. ಅಭ್ಯಾಸದಂತೆ ಉತ್ತರಕ್ಕೆ ಕಾಯದೆ ತಿರುಗಿದಳು.

"ಬಂದೀನ್ರೀ," ಎಂದೆ.

ಅತ್ತೆ ನಿಂತಳು. ಅಡುಗೆಮನೆಯಲ್ಲಿ ಅವ್ವನ ಪಾತ್ರೆಯ ಸದ್ದು ನಿಂತಿತು. ನಾನು ಮೆಟ್ಟಿಲಿಳಿದು ಹಿತ್ತಲ ಮಣ್ಣಿಗೆ ಬಂದೆ. ದಿನಾ ಅರವತ್ತು ಮಕ್ಕಳ ಹೆಸರು ಕರೆಯುವ ಗಂಟಲು ನನ್ನದು.

"ಇನ್ನೊಂದು ಹೆಸರು ಉಳದೈತಿ," ಎಂದೆ.

ರೂಢಿ ಮುರಿದು ಕರೆದೆ. ಆಕೆಯ ಹೆಸರು, ಅದರ ಹಿಂದೆ ಮಾವನ ಹೆಸರು, ಗಣಿಯ ಮಸ್ಟರಿನಲ್ಲಿ ಇದ್ದ ಹಾಗೆ, ಪೂರ್ತಿಯಾಗಿ, ಓಣಿಯ ಕೊನೆಗೆ ಕೇಳಿಸುವಷ್ಟು ದೊಡ್ಡದಾಗಿ.

ಅತ್ತೆ ಸೆರಗನ್ನು ಭುಜದ ಮೇಲೆ ಸರಿಪಡಿಸಿಕೊಂಡಳು. ಕಾಲು ಜೋಡಿಸಿ, ಕೈ ಇಳಿಬಿಟ್ಟು, ಸಾಲಿನಲ್ಲಿ ನಿಂತವರ ಹಾಗೆ ನೆಟ್ಟಗೆ ನಿಂತಳು. ಆಕೆ ಅಷ್ಟು ಎತ್ತರ ಎಂದು ನನಗೆ ಗೊತ್ತೇ ಇರಲಿಲ್ಲ.

"ಬಂದೀನ್ರೀ," ಎಂದಳು.

ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಪೂರಾ ದಿನ ಹಾಕಿದಿಲ್ಲೋ?"

"ಪೂರಾ ಹಾಕೀನಿ ಅತ್ತಿ," ಎಂದೆ. "ಬೀಗ ಬಿದ್ದ ಆವತ್ತಿಂದೂ ಹಾಕೀನಿ."